ಮುಂದಕ್ಕ ತಿರುಗಿಸ್ರಿ

“ಒಳ್ಳೇದಾತು ಬಿಡ್ರಿ. ಹುಷಾರಾಗಿ ಹೋಗ್ಬರ್ರಿ.”

ಭಾನುವಾರ ಅಣ್ಣ ಬಂದು ನನ್ನನ್ನು ಬೆಂಗಳೂರಿನ ಗಾರ್ಮೆಂಟ್ಸಿಗೆ ಕರೆದುಕೊಂಡು ಹೋಗುತ್ತಾನೆ ಎಂದು ಹೇಳಿದಾಗ ಗೋವರ್ಧನ್ ಕೊಟ್ಟ ಉತ್ತರ ಇಷ್ಟೇ. ತಲೆಯನ್ನೂ ಎತ್ತಲಿಲ್ಲ ಮಹಾರಾಯ. ಕೈಯಲ್ಲಿ ತಾಮ್ರದ ತಂತಿ, ಬ್ಲೇಡಿನಿಂದ ಅದರ ತುದಿಯ ಬಣ್ಣ ಕೆರೆಯುತ್ತಿದ್ದ. ಅದೇ ತಂತಿಯಲ್ಲಿ ಅವನ ಕೈಕಾಲು ಸುತ್ತಿ ಮೂಲೆಗೆ ಕೂರಿಸಿಬಿಡಬೇಕು ಅನ್ನಿಸಿತು. ‘ಬೇಡ’ ಅನ್ನಲಿ ಅಂತ ತಾನೇ ನಾನು ನಗುನಗುತ್ತಾ ಹೇಳಿದ್ದು? ಅದೊಂದು ಮಾತು ಅಂದಿದ್ದರೆ ಬೆಂಗಳೂರು ಯಾರಿಗೆ ಬೇಕಿತ್ತು!

ನಾನು ಶಿವಲಕ್ಷ್ಮಿ, ಮಡಕಶಿರಾ ಕಡೆಯವಳು. ರಾಯದುರ್ಗಕ್ಕೆ ಜೀನ್ಸ್ ಹೊಲಿಯಲು ಬಂದು ಪಾಪಕ್ಕ ಚಿಕ್ಕಮ್ಮನ ಮನೆಯಲ್ಲಿದ್ದೆ. ಗೋಡೆಯಾಚೆ ಗೋವರ್ಧನ್ ಮನೆ. ಬೇರೊಂದು ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ರಜೆ ಬಂದರೆ ಸಾಕು, ಮನೆಯಲ್ಲೇ ಕುಳಿತು ಸ್ಪೀಕರ್ ಬಾಕ್ಸ್ ಮಾಡುವ ಹುಚ್ಚು.

ಮೊದಲ ಸಲ ಅವರ ಮನೆಗೆ ಹೋಗಿದ್ದೇ ಜಗಳಕ್ಕೆ. ಒಂದೇ ಹಾಡಿನ ಒಂದೇ ತುಂಡನ್ನು ಬೆಳಗಿನಿಂದ ಹಾಕಿ ಹಾಕಿ ನನ್ನ ತಲೆ ಚಿಟ್ಟು ಹಿಡಿಸಿದ್ದ.

“ಏನಪ್ಪ, ನಿನ್ನ ಹಾಡಿಗೆ ಮುಂದಿನ ಸಾಲೇ ಇಲ್ವಾ?”

“ಬರ್ರಿ, ಕುಂದರ್ರಿ,” ಅಂದ. “ಸ್ವಲ್ಪ ಕೇಳ್ರಿ. ಸಣ್ಣ ದನಿ ದೊಡ್ಡ ಸ್ಪೀಕರಿನ್ಯಾಗೂ ಬರಾಕತ್ತೈತಿ, ಹೌದಲ್ರಿ?”

ಹುಬ್ಬಿನ ಮೇಲೆ ಮರದ ಪುಡಿ. ಕಣ್ಣಲ್ಲಿ ಪರೀಕ್ಷೆ ಬರೆದವನ ಕಾತರ. ಜಗಳ ಮರೆತು ಕುಳಿತುಬಿಟ್ಟೆ.

“ದಪ್ಪ ದನಿ ದೊಡ್ಡದಕ್ಕ, ಸಣ್ಣ ದನಿ ಸಣ್ಣದಕ್ಕ ಹೋಗ್ಬೇಕ್ರಿ. ದೊಡ್ಡದ್ರ ದಾರಿಯೊಳಗ ತಂತಿ ಸುತ್ತಿದ ಕಾಯಿಲ್ ಇಟ್ರ ಸಣ್ಣ ದನೀನ ಅದು ತಡೀತೈತ್ರಿ.”

“ಅಂಗ್ಡೀಲಿ ಸಿಗಲ್ವಾ?”

“ಸಿಕ್ಕಿದ್ದು ಈ ಸ್ಪೀಕರಿಗೆ ಹೊಂದಂಗಿಲ್ರಿ. ನಾವ ಸುತ್ತಿಕೋಬೇಕು.”

ಆ ‘ನಾವ’ ಅನ್ನುವುದರೊಳಗೆ ನಾನೂ ಸೇರಿಕೊಂಡೆ.

ಮೋಟಾರ್ ವೈಂಡಿಂಗ್ ಅಂಗಡಿಯಿಂದ ತಂದ ತಂತಿ. ಗಮ್ ಟೇಪ್ ಮುಗಿದ ಮೇಲೆ ಉಳಿಯುವ ರಟ್ಟಿನ ಬಳೆ. ಅದರ ಎರಡು ಬದಿಗೆ ಪ್ಲೈವುಡ್ ಬಿಲ್ಲೆ, ನಡುವೆ ಬೋಲ್ಟ್, ಬೋಲ್ಟಿಗೊಂದು ಹಿಡಿ. ಅವನು ಹಿಡಿ ತಿರುಗಿಸುತ್ತಿದ್ದ, ನಾನು ಎದುರಿಗೆ ಕುಳಿತು ತಂತಿ ಬಿಡುತ್ತಿದ್ದೆ. ಬಾಬಿನ್ನಿಗೆ ದಾರ ಸುತ್ತಿ ಸುತ್ತಿ ಎಷ್ಟು ಬಿಗಿ ಬೇಕೆಂದು ನನ್ನ ಬೆರಳಿಗೆ ಗೊತ್ತಿತ್ತು. ಒಂದು ಪದರ ಮುಗಿದರೆ ಸಡಿಲಾಗದಂತೆ ಅವನು ಟೇಪ್ ಅಂಟಿಸುತ್ತಿದ್ದ. ನಾನು ಎದುರಿಗೇ ಕೂರುತ್ತಿದ್ದದ್ದು ಯಾಕೆಂದರೆ, ಅವರವ್ವ ಪಂಪಮ್ಮ ಬಾಗಿಲಲ್ಲೇ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದರು. ಅವರ ಕಣ್ಣೆದುರು ಮಗ್ಗುಲಲ್ಲಿ ಹೋಗಿ ಕೂರಲು ನನಗೇನು ಎರಡು ತಲೆಯೇ?

ತಂತಿ ಸರಿಯಾಗಿ ಬರುತ್ತಿದೆಯೇ ಎಂದು ನೋಡುವ ನೆಪದಲ್ಲಿ ಅವನ ಕಣ್ಣು ತಂತಿಗುಂಟ ನನ್ನ ಬೆರಳವರೆಗೆ ಬರುತ್ತಿತ್ತು. ಗಾಜಿನ ಬಳೆಯವರೆಗೆ ಬರುತ್ತಿತ್ತು. ಅಲ್ಲಿ ಚೂರು ನಿಂತು ವಾಪಸ್ ಹೋಗಿಬಿಡುತ್ತಿತ್ತು. ಮುಖದವರೆಗೆ ಬರಲು ಅದಕ್ಕೇನು ರೋಗ?

ಅದಕ್ಕಿಂತ ಹೆಚ್ಚು ಉರಿಸಿದ್ದು ಆ ‘ರಿ’. ಬರ್ರಿ, ಕುಂದರ್ರಿ, ಹಿಡೀರಿ, ಬಿಡ್ರಿ. ನಮ್ಮ ಕಡೆ ಮಂಡಲ ಕಚೇರಿಯ ಎಮ್ಮಾರ್ವೋ ಸಾಹೇಬರಿಗೂ ಯಾರೂ ಇಷ್ಟು ಮರ್ಯಾದೆ ಕೊಡುವುದಿಲ್ಲ. ಬೇಕಾದವರನ್ನು ನಾವು ‘ಬಾ, ಕುತ್ಕ’ ಅನ್ನುತ್ತೇವೆ. ಇವನು ‘ರಿ’ ಅಂದಾಗಲೆಲ್ಲ ನನ್ನನ್ನು ಹೊಸ್ತಿಲಾಚೆ ನಿಲ್ಲಿಸಿ ಮಾತಾಡಿಸಿದ ಹಾಗೆ ಆಗುತ್ತಿತ್ತು.

ಭಾನುವಾರ ಬ್ಯಾಗು ಕಟ್ಟಿಟ್ಟು ಬಂದೆ. ಎರಡನೇ ಬಾಕ್ಸಿನ ಕಾಯಿಲ್ ಬಾಕಿ ಇತ್ತು. ನಾನು ಹೋಗುವ ಮೊದಲು ಎರಡೂ ಬಾಕ್ಸ್ ಒಟ್ಟಿಗೆ ಹಾಡುವುದನ್ನು ನನಗೆ ಕೇಳಿಸಬೇಕು ಅಂತ ಅವನ ಆಸೆಯಂತೆ. ನನಗೆ ಕೇಳಬೇಕಿದ್ದದ್ದು ಸ್ಪೀಕರಿನ ಮಾತಲ್ಲ. ಅದು ಇವನ ದಪ್ಪ ತಲೆಗೆ ಹೋಗಬೇಕಲ್ಲ!

ಅರ್ಧ ಸುತ್ತಿ ಟೇಪ್ ಅಂಟಿಸುವಷ್ಟರಲ್ಲಿ ಗ್ಯಾಸ್ ಸಿಲಿಂಡರ್ ಒಳಗಿಡಲು ಪಂಪಮ್ಮ ಕರೆದರು.

“ಈಗ ಬಂದೆ. ಮುಂದಕ್ಕ ತಿರುಗಿಸ್ತಾ ಇರ್ರಿ,” ಅಂದು ಎದ್ದು ಹೋದ.

ಕುಳಿತಲ್ಲಿಂದಲೇ ಹಿಡಿಗೆ ಕೈ ಚಾಚಿ ಮುಂದಕ್ಕೆ ತಿರುಗಿಸಿದೆ. ಕೋಪವೆಲ್ಲ ಬೆರಳಿಗಿಳಿದು ಸುತ್ತುಗಳು ಒಂದಕ್ಕೊಂದು ಅಂಟಿ ಕುಳಿತವು. ಹೋಗುವಾಗ ಇಷ್ಟಾದರೂ ಚೆಂದ ಮಾಡಿಕೊಟ್ಟು ಹೋಗೋಣ ಅಂದುಕೊಂಡೆ. ಕಣ್ಣು ಮಂಜಾದದ್ದನ್ನು ಯಾರೂ ನೋಡಲಿಲ್ಲ.

ಗೋವರ್ಧನ್ ಬಂದು ತಂತಿಯ ಎರಡೂ ತುದಿಗೆ ಕಾಯಿಲಿನ ಶಕ್ತಿ ಅಳೆಯುವ ಮೀಟರ್ ಹಚ್ಚಿದ. ಬರಬೇಕಾದ ಅಂಕಿಯ ಹತ್ತಿರಕ್ಕೂ ಬರಲಿಲ್ಲ. ಸೊನ್ನೆಯ ಮಗ್ಗುಲಲ್ಲೇ ಕುಳಿತಿತ್ತು. ಬ್ಯಾಟರಿ ಬದಲಿಸಿದ. ತುದಿಗಳನ್ನು ಮತ್ತೆ ಕೆರೆದ. ತಂತಿ ಕೊಟ್ಟ ವೈಂಡಿಂಗ್ ಅಂಗಡಿಯ ಚಿತ್ತಪ್ಪನಿಗೆ ಬೈದ. ಕೊನೆಗೆ ಹಲ್ಲು ಕಚ್ಚಿ ಒಂದೊಂದೇ ಸುತ್ತು ಬಿಚ್ಚತೊಡಗಿದ. ಟೇಪಿನ ಹತ್ತಿರ ತಂತಿ ಮಡಚಿ ಬಂದ ದಾರಿಗೇ ತಿರುಗಿತ್ತು.

“ಏನ್ ಮಾಡೀರಿ ಇದು? ಅರ್ಧ ಆ ಕಡೆ, ಅರ್ಧ ಈ ಕಡೆ! ಒಂದರ ಶಕ್ತೀನ ಇನ್ನೊಂದು ತಿಂದು ಹಾಕೈತ್ರಿ!”

“ಮುಂದಕ್ಕೆ ಅಂದಿದ್ದು ನೀನೇ ತಾನೆ? ಮುಂದಕ್ಕೇ ತಿರುಗ್ಸಿದೀನಿ!”

“ಇದು ಹಿಂದಕ್ರಿ!”

“ಬೈಯೋದಾದ್ರೆ ನೆಟ್ಟಗೆ ಬೈಯಪ್ಪ! ರಿ ಹಾಕ್ಕಂಡು ಯಾರಾದ್ರೂ ಬೈತಾರಾ? ಜಗಳಾನಾದ್ರೂ ಬೇಕಾದೋರ ತರ ಆಡಕ್ಕೆ ಬರಲ್ವಾ ನಿಂಗೆ? ನಾನು ಓಯ್ತೀನಿ ಅಂದ್ರೆ ಹೋಗ್ಬರ್ರಿ ಅಂತೀಯ. ಬಸ್‌ಸ್ಟ್ಯಾಂಡಲ್ಲಿ ಸಿಕ್ಕ ಯಾವೋಳ್ಗೋ ಹೇಳ್ದಂಗೆ!”

ಶೇಂಗಾ ಸುಲಿಯುವ ಸದ್ದು ನಿಂತಿತು. ಗೋವರ್ಧನ್ ನನ್ನನ್ನು ನೋಡಿದ. ಬೆರಳು ದಾಟಿ, ಬಳೆ ದಾಟಿ, ಮೊದಲ ಸಲ ನೆಟ್ಟಗೆ ಮುಖವನ್ನೇ ನೋಡಿದ. ಅವನ ಕಣ್ಣುಗಳೂ ಕೆಂಪಗಿದ್ದವು.

“ಅವ್ವಗ ಬಾ ಅಂತೀನ್ರಿ. ಗೆಳ್ಯಾರಿಗೆ ಬಾರಲೇ ಅಂತೀನಿ,” ಅಂದ, ದನಿ ಇಳಿಸಿ. “ನಿಮಗ ಹಂಗ ಅನ್ನಾಕ ಬಾಯಿ ಬರ್ಲಿಲ್ರಿ. ಇಷ್ಟು ಬೇಕಾದೋರ್ನ ಹಗುರಾಗಿ ಹೆಂಗ ಕರೀಲಿ? ನೀವು ನಕ್ಕೊಂತ ಹೋಗ್ತೀನಿ ಅಂದ್ರಿ. ನಿಮಗ ಹೋಗೋ ಮನಸೈತಿ ಅಂದ್ಕಂಡೆ. ಆವತ್ತಿಂದ ಅನ್ನ ಗಂಟಲಾಗ ಇಳಿದಿಲ್ರಿ.”

ಅಯ್ಯೋ ದೇವರೇ! ಇಷ್ಟು ದಿನ ನಾನು ಹೊಟ್ಟೆ ಉರಿಸಿಕೊಂಡ ‘ರಿ’ ಇದೇನಾ? ಅಳಬೇಕೋ, ಅವನ ತಲೆಗೆ ಮೊಟಕಬೇಕೋ ಗೊತ್ತಾಗಲಿಲ್ಲ.

ಅವನು ಹಿಡಿಯನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದ. ಆಮೇಲೆ ನಾನು ಕುಳಿತ ಜಾಗ ನೋಡಿದ. ಅಂಥ ಹೊತ್ತಿನಲ್ಲೂ ತುಟಿಯ ಕೊನೆಯಲ್ಲಿ ನಗು ಬಂತು.

“ಎದುರಾಬದರಾ ಕುಂತೀವಲ್ರಿ. ನನ್ನ ಮುಂದಕ್ಕ ನಿಮಗ ಹಿಂದಕ್ಕ. ನಿಮ್ಮ ತಪ್ಪೇನಿಲ್ಲ.”

ಹೊರಗೆ ಆಟೋ ನಿಂತಿತು.

“ಶಿವಲಕ್ಷ್ಮೀ!” ಅಣ್ಣ ಯುವರಾಜನ ದನಿ.

ಎದ್ದು ನಿಂತೆ. ಈಗಲೂ ಇವನು ಬಾಯಿ ಬಿಡದಿದ್ದರೆ ಹೋಗಿಯೇ ಬಿಡುವುದು ಅಂತ ಚಪ್ಪಲಿ ಹುಡುಕಿದೆ. ಹಿಂದೆ ಪ್ಲೈವುಡ್ ತುಂಡುಗಳನ್ನು ಸರಿಸಿದ ಸದ್ದಾಯಿತು. ತಿರುಗಿದರೆ ಗೋವರ್ಧನ್ ತನ್ನ ಪಕ್ಕದಲ್ಲಿ ಜಾಗ ಮಾಡಿದ್ದ.

“ಹೋಗಬ್ಯಾಡ,” ಅಂದ. “ಈ ಕಡೆ ಬಾ. ನನ್ನ ಮಗ್ಗಲಕ್ಕ ಕುಂದ್ರು.”

ಪಂಪಮ್ಮ ಮೊರ ಎತ್ತಿಕೊಂಡು ಅಡುಗೆಮನೆಗೆ ನಡೆದರು. “ಅಂತೂ ಬಾಯಿ ಬಿಟ್ಟ ನನ್ನ ಮಗ,” ಎಂದು ಗೊಣಗಿದ್ದು ಕೇಳಿಸಿತು.

ಹೋಗಿ ಕುಳಿತೆ. ಭುಜಕ್ಕೆ ಭುಜ ತಾಗಿತು. ಹಿಡಿ ಹಿಡಿದು ಮುಂದಕ್ಕೆ ತಿರುಗಿಸಿದೆ. ಅವನು ತಂತಿ ಬಿಟ್ಟ, ಸರಿಯಾಗಿಯೇ ಸುತ್ತಿಕೊಂಡಿತು.

ಅಣ್ಣ ಬಾಗಿಲಲ್ಲಿ ಬಂದು ನಿಂತ. ಗೋವರ್ಧನ್ ದಡಬಡಿಸಿ ಎದ್ದ.

“ಬರ್ರಿ ಅಣ್ಣಾರ, ಒಳಗ ಬರ್ರಿ, ಕುಂದರ್ರಿ.”

ನನ್ನ ಪಾಲಿನ ‘ರಿ’ಗಳೆಲ್ಲ ಅಣ್ಣನಿಗೆ ಹೋದವು. ಹೋಗಲಿ ಪಾಪ.

“ಕುತ್ಕಳಕ್ಕೆ ಟೈಮಿಲ್ಲಪ್ಪ, ಬಸ್ಸು ಓಯ್ತದೆ. ಏಳಮ್ಮಿ, ಬ್ಯಾಗು ತಗಾ.”

“ಇಕಿ ಬರಂಗಿಲ್ರಿ,” ಅಂದ ಗೋವರ್ಧನ್.

ಪಾಪಕ್ಕ ಚಿಕ್ಕಮ್ಮನ ವಿಷಯ ಯಾರಿಗಾದರೂ ಹೇಳುವಾಗ ಚಿಕ್ಕಪ್ಪ ಅನ್ನುವುದೂ ಹೀಗೆಯೇ. ಇಕಿ ಇನ್ನೂ ಉಂಡಿಲ್ಲ. ಇಕಿಗೆ ನೆಗಡಿ ಆಗೈತಿ. ನನ್ನ ಮುಖ ಬಿಸಿಯಾಯಿತು.

ಅಣ್ಣ ಹುಬ್ಬು ಗಂಟಿಕ್ಕಿ ಅವನನ್ನು ನೋಡಿದ, ನನ್ನನ್ನು ನೋಡಿದ, ನಮ್ಮಿಬ್ಬರ ನಡುವಿದ್ದ ಒಂದೇ ತಂತಿಯನ್ನು ನೋಡಿದ.

“ಇಕಿ ಅಂದ್ರೆ ಯಾರು?”

“ನಾನೇ ಕಣಣ್ಣ,” ಅಂದೆ. “ಇಕಿ ಅಂದ್ರೆ ನಾನೇ.”