ಬಿಸಿ ಆರಿದ ಗಾಜು

ಕೆಟ್ಟದ್ದು ಯಾಕೆ ಕೆಟ್ಟಿತೆಂದು ಗೊತ್ತಾಗದಿದ್ದರೆ ಶಿವಕಾಂತಾ ಮೇಡಂಗೆ ಊಟ ಸೇರುವುದಿಲ್ಲ. ಅಫಜಲಪುರದ ಕಾಲೇಜಿನ ಲ್ಯಾಬಿನಲ್ಲಿ ಆಕೆ ಕುಸುಬಿ ಹೂವಿನಿಂದ ಬಣ್ಣ ತೆಗೆಯುತ್ತಾಳೆ. ಫಿಜಿಕ್ಸಿನ ಅನೀಲಕುಮಾರ ಗಾಜಿನ ಮೇಲೆ ಟೈಟಾನಿಯಂ ಆಕ್ಸೈಡಿನ ನ್ಯಾನೋ ಕಡ್ಡಿಗಳನ್ನು ಬೆಳೆಸುತ್ತಾನೆ. ಕಣ್ಣಿಗೆ ಕಾಣದ ಆ ಕಡ್ಡಿಗಳ ಸಂದುಗೊಂದಿಗೆಲ್ಲ ಬಣ್ಣ ಹಿಡಿದರೆ ಬಿಸಿಲು ಕರೆಂಟಾಗುತ್ತದೆ.

ಒಂದು ತಿಂಗಳಿಂದ ಹೀಗೆ ಮಾಡಿದ ಸೋಲಾರ್ ಸೆಲ್‌ಗಳು ಒಮ್ಮೆ ಚೆನ್ನ, ಒಮ್ಮೆ ಹಾಳು. ಗಾಜನ್ನು ಬಣ್ಣದಲ್ಲಿ ಅದ್ದುವುದು ಅನೀಲಕುಮಾರನ ಕೆಲಸ. ತನ್ನ ಜೊತೆ ಕೆಲಸ ಮಾಡುವುದು ಆತನಿಗೆ ಬೇಡವಾಗಿದೆ, ಅದಕ್ಕೇ ಈ ಅಸಡ್ಡೆ ಎಂದು ಆಕೆ ತೀರ್ಮಾನಿಸಿದ್ದಳು. ಆತನಿಗೋ ಯಡ್ರಾಮಿಗೆ ವರ್ಗವಾಗಿತ್ತು, ಸೋಮವಾರ ಹೊರಡಬೇಕು. ಅಲ್ಲಿ ಅವನ ಅವ್ವ ಹುಡುಗಿಯನ್ನೂ ನೋಡಿದ್ದಾಳಂತೆ. ಹೋದರೆ ಹೋಗಲಿ ಅಂದುಕೊಂಡಳು ಶಿವಕಾಂತಾ. ಅಂದುಕೊಂಡು ಎರಡು ದಿನವಾದರೂ ಎದೆಯ ಸಂಕಟ ಇಳಿದಿರಲಿಲ್ಲ.

ಶನಿವಾರ ಸೆಲ್‌ಗಳ ರೀಡಿಂಗ್ ಬರೆದಿಟ್ಟ ಪುಸ್ತಕ ತಿರುವುತ್ತಿದ್ದವಳು ಥಟ್ಟನೆ ನಿಂತಳು.

"ಸರ್, ಇಲ್ಲಿ ಬರ್ರಿ. ಮಂಗಳವಾರ, ಶುಕ್ರವಾರ ನಾ ಕ್ಲಾಸಿಗಂತ ಆಳಂದಕ್ಕ ಹೋಗಿರ್ತೇನಿ. ಆವತ್ತಿನ ಸೆಲ್ ಎಲ್ಲಾ ಚಲೋ ಬಂದಾವ. ನಾ ಇದ್ದಾಗಷ್ಟ ಕೆಡ್ತಾವ. ಯಾಕ್ರಿ?"

ಅನೀಲಕುಮಾರ ಕನ್ನಡಕ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಭಟ್ಟಿಯಿಂದ ತಗದ ಗಾಜು ಬಿಸಿ ಇದ್ದಾಗನ ಬಣ್ಣದಾಗ ಅದ್ದಬೇಕಲ್ರಿ ಮೇಡಂ..."

"ಹೌದ್ರಿ. ಆರಿದ್ರ ಗಾಳ್ಯಾಗಿನ ತೇವ ಹಿಡೀತದ, ಬಣ್ಣ ಕೂಡಂಗಿಲ್ಲ. ನಿಮಗ ಗೊತ್ತಿಲ್ಲದ್ದೇನು?"

"ಗೊತ್ತದ. ಆದ್ರ ನೀವು ಕಿಟಕಿ ಹತ್ರ ಹೂವಿನ ರಸ ಸೋಸಾಕತ್ತಿರ್ತೀರಿ. ನಾ ಇಕ್ಕಳದಾಗ ಗಾಜು ಹಿಡ್ಕೊಂಡು ನಿಮ್ಮನ್ನ ನೋಡ್ಕೋತ ನಿಂತುಬಿಡ್ತೇನಿ. ಅಷ್ಟ್ರಾಗ ಆರಿ ಹೋಗ್ತದ್ರಿ."

ಶಿವಕಾಂತಾಳ ಕಿವಿ ಕೆಂಪಗಾದವು. ತಿಂಗಳ ಕೆಲಸ ಹಾಳು ಮಾಡಿದವನ ಮೇಲೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಅದನ್ನು ಹೇಗೋ ನುಂಗಿಕೊಂಡು, ಪುಸ್ತಕದ 'ಕಾರಣ' ಎಂಬ ಕಾಲಮ್ಮಿನಲ್ಲಿ ಗುಂಡಗೆ ಬರೆದಳು: ಪ್ರಯೋಗ ಮಾಡುವವರ ಗಮನ ಬೇರೆ ಕಡೆ.

"ಇದನ್ನ ಮೊದಲ ಹೇಳಾಕ ಏನಾಗಿತ್ರಿ?"

"ಬೈತೀರಿ ಅಂತ ಅಂಜಿದ್ದೆ."

"ಬೈತೇನಿ. ಇನ್ನ ಮುಂದ ದಿನಾ ಬೈತೇನಿ. ಈಗ ನಿಮ್ಮವ್ವಗ ಫೋನ್ ಹಚ್ರಿ."

"ಏನಂತ ಹೇಳ್ಲಿ?"

"ಅದನ್ನೂ ನಾನ ಹೇಳಬೇಕೇನ್ರಿ?"

ಆತ ನಂಬರು ಒತ್ತಿದ. ಯಡ್ರಾಮಿಯಲ್ಲಿ ಅವ್ವ ಫೋನ್ ಎತ್ತಿದಳು. ಆತ "ಯವ್ವಾ..." ಎಂದವನು ಶಿವಕಾಂತಾಳ ಮುಖ ನೋಡಿದ. ಆಕೆ ಅವನ ಕೈಯಿಂದ ಫೋನ್ ತೆಗೆದುಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು, "ನಮಸ್ಕಾರ್ರಿ ಅತ್ತೀ," ಎಂದಳು.