ಹಿತ್ತಲ ಹೊಂಡದಲ್ಲಿ ಸತ್ತ ತಾವರೆ

ಕೊಟ್ಟ ಕುರ್ಚಿಯಲ್ಲಿ ಪ್ರೇಮಲತಾ ಕೂರಲಿಲ್ಲ. ಸರ್ವಮಂಗಳಕ್ಕನ ಪಡಸಾಲೆಯಲ್ಲಿ ಕಿಟಕಿಗೂ ಬಾಗಿಲಿಗೂ ಓಡಾಡುತ್ತಲೇ ಹೇಳಿದಳು.

"ನಮ್ಮತ್ತೆಯ ತಾವರೆಯೆಲ್ಲ ಕೊಳೆತು ಹೋಗೈತ್ರಿ. ನಾನೇ ಸೋಪಿನ ನೀರು ಬಿಟ್ಟು ಸಾಯಿಸಿದೆ ಅಂತಾರೆ. ನಾನು ಮಾಡಿದ ಅಡುಗೆ ಮುಟ್ಟಲ್ಲ. ನಮ್ಮಣ್ಣ ಕರ್ಕೊಂಡು ಹೋಗಾಕೆ ಹೊನ್ನಾಳಿಯಿಂದ ಹೊರಟಾನೆ. ಈ ಮಾತು ಹೊತ್ಕೊಂಡು ತವರಿಗೆ ಹೆಂಗೆ ಹೋಗ್ಲಿ?"

ಚನ್ನಗಿರಿಯಲ್ಲಿ ಎಮ್ಮೆ ಕಾಣೆಯಾದರೂ, ಓಲೆ ಕಳುವಾದರೂ ಜನ ಬರುವುದು ಅಕ್ಕನ ಬಾಗಿಲಿಗೇ. ಅಕ್ಕ ಆಗಲೇ ಚಪ್ಪಲಿ ಮೆಟ್ಟಿದ್ದರು. "ಏಳು ಶರಣು," ಎಂದರು ನನಗೆ. ಜೊತೆಗೆ ಹೋಗುವುದು, ಕೇಳಿಸಿಕೊಳ್ಳುವುದು ನನ್ನ ಪಾಲಿನ ಕೆಲಸ.

ಪ್ರೇಮಲತಾಳ ಅತ್ತೆಮನೆ ತ್ಯಾವಣಿಗೆಯಲ್ಲಿ. ಅಲ್ಲಿನ ಹಿತ್ತಲ ಹೊಂಡದ ನಡುವೆ ಕೊಳೆತ ವಾಸನೆ. ಅಂಚಿನಲ್ಲಿ, ಬಟ್ಟೆ ಒಗೆಯುವ ಕಲ್ಲಿಗೆ ಹೊಂದಿಕೊಂಡೇ, ಹೊನಗೊನ್ನೆ ಸೊಪ್ಪು ದಟ್ಟವಾಗಿ ಹಬ್ಬಿತ್ತು. ಮರಿಮೀನುಗಳು ಒಂದು ಗಳಿಗೆ ನಿಲ್ಲದೆ ಸುಳಿಯುತ್ತಿದ್ದವು.

"ನೋಡ್ರಿ ನನ್ನ ಹೊನಗೊನ್ನೆ!" ಎಂದರು ಅತ್ತೆ ಹನುಮಂತಮ್ಮ, ಕೈಯಲ್ಲಿ ಕುಡುಗೋಲು. "ನೀರೊಳಗೆ ಬುಡಕ್ಕೇ ಕೊಯ್ತೀನಿ, ಕೊಯ್ದಷ್ಟೂ ಚಿಗುರ್ತೈತೆ. ಗೆಡ್ಡೆ ಪಲ್ಯಕ್ಕಿರಲಿ ಅಂತ ಹೋದ ವರ್ಷ ತಾವರೆ ತಂದು ಹಾಕಿದೆ. ಈ ಶ್ರಾವಣ ಪೂರಾ ಜಂಗಮರ ಪ್ರಸಾದಕ್ಕೆ ಅದರ ಎಲೆನೇ ಹಾಸಿದ್ದು. ಈ ಸೊಸೆ ಕಣ್ಣು ಬಿತ್ತು, ಸೋಪಿನ ನೀರು ಬಿಟ್ಲು ನೋಡ್ರಿ!"

ಬೇಲಿಯಾಚೆಯಿಂದ ಪಕ್ಕದ ಮನೆಯ ಮೈಲಾರಿ ಇಣುಕಿದ.

"ಗೆಡ್ಡೆ ಕೇಳಿದ್ರೆ ನೀನು ಕೊಡ್ಲಿಲ್ಲ ಅಜ್ಜಿ. ಈಗ ನನ್ನ ಹೊಟ್ಟೆಗೂ ಇಲ್ಲ, ನಿನ್ನ ಹೊಟ್ಟೆಗೂ ಇಲ್ಲ!"

"ಇವನೇ ಕದಿಯಾಕೆ ಬಂದು ಕೆಡಿಸಿದ್ರೂ ಕೆಡಿಸಿರ್ಬೇಕು!" ಅಜ್ಜಿ ಕೂಗಿದರು.

ಅಕ್ಕ ಸೀರೆ ಎತ್ತಿಕಟ್ಟಿ ಹೊಂಡಕ್ಕೆ ಇಳಿದು ಕೆಸರು ತಡಕಿದರು. ಮೆತ್ತಗಾದ ಗೆಡ್ಡೆಗಳು, ಮೋಟು ದಂಟುಗಳು, ಉಳಿದಿದ್ದ ಒಂದೇ ಒಂದು ಹಸಿರೆಲೆ ಕೈಗೆ ಬಂದವು. ಅಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತಿತು. ಅಣ್ಣ ಸಿದ್ದು ಬಂದವನೇ ತಂಗಿಯ ಚೀಲ ಎತ್ತಿಕೊಂಡ.

"ಸ್ವಲ್ಪ ತಡಿಯಪ್ಪ. ಎಲ್ಲರೂ ಇಲ್ಲಿ ಬರ್ರಿ," ಎಂದರು ಅಕ್ಕ. "ಸೋಪಿನ ನೀರಾಗಿದ್ರೆ ಕಲ್ಲಿನ ಪಕ್ಕದ ಹೊನಗೊನ್ನೆ ಮೊದಲು ಸಾಯ್ತಿತ್ತು, ಮೀನೂ ತೇಲ್ತಿದ್ವು. ಮೈಲಾರಿ ಕದ್ದಿದ್ರೆ ಗೆಡ್ಡೆನೇ ಇರ್ತಿರ್ಲಿಲ್ಲ."

ಹಸಿರೆಲೆಯ ದಂಟು ಮುರಿದು, ಒಂದು ತುದಿ ನೀರಿಗಿಟ್ಟು ಊದಿದರು. ಗುಳ್ಳೆಗಳು ಎದ್ದವು.

"ದಂಟೊಳಗೆ ತೂತು ಐತೆ. ಗೆಡ್ಡೆಗೆ ಗಾಳಿ ಹೋಗೋದು ಹಿಂಗೆ. ನೀರಿನ ಮೇಲೆ ಮೋಟು ಬಿಟ್ಟು ಕೊಯ್ದ್ರೆ ಬದುಕ್ತೈತೆ. ನೀರೊಳಗೆ ಕೊಯ್ದ್ರೆ ತೂತಿನಾಗೆ ನೀರು ಇಳಿದು ಗೆಡ್ಡೆ ಕೊಳೀತೈತೆ. ಈ ಮೋಟೆಲ್ಲ ಒಂದು ಗೇಣು ನೀರಿನ ಕೆಳಗಿದ್ವು. ಕುಡುಗೋಲಿನ ಗುರುತು ನೋಡ್ರಿ."

"ಹಂಗಾದ್ರೆ ಎಲೆ ಕೊಯ್ದೋರು ಯಾರು?" ಸಿದ್ದು ಕೇಳಿದ.

ಅಕ್ಕ ನನ್ನ ಕಡೆ ತಿರುಗಿದರು. ಕಾವ್ಯವಾಚನ ಕೇಳಿ ಬೆಳೆದ ಕಿವಿ ನನ್ನದು, ಕೇಳಿದ ಮಾತು ಕೇಳಿದ ಹಾಗೇ ಉಳಿಯುತ್ತದೆ. ಅಜ್ಜಿಯ ಮಾತನ್ನೇ ಮೆಲ್ಲಗೆ ಹೇಳಿದೆ: "ನೀರೊಳಗೆ ಬುಡಕ್ಕೇ ಕೊಯ್ತೀನಿ, ಕೊಯ್ದಷ್ಟೂ ಚಿಗುರ್ತೈತೆ."

ಹನುಮಂತಮ್ಮನ ಕುಡುಗೋಲು ಕೆಳಗಿಳಿಯಿತು. "ಸೊಪ್ಪಿನ ಹಂಗೇ ಅಂದ್ಕೊಂಡೆ… ಶಿವನೇ, ನಾನೇ?"

ಅಜ್ಜಿ ಒಗೆಯುವ ಕಲ್ಲಿನ ಮೇಲೆ ಕುಸಿದರು. ಸೊಸೆಯ ಮುಖ ನೋಡದೆ ಕೇಳಿದರು.

"ಪ್ರೇಮಾ, ಹಸಿವಾಗೈತೆ ಕಣವ್ವ. ಒಳಗೆ ಏನೈತೆ?"

ಪ್ರೇಮಲತಾ ಅಣ್ಣನ ಕೈಯಿಂದ ಚೀಲ ತೆಗೆದುಕೊಂಡಳು.

"ಹೊನಗೊನ್ನೆ ಪಲ್ಯ ಐತೆ, ಬಡಿಸ್ತೀನಿ. ಮೊದ್ಲು ಆ ಕುಡುಗೋಲು ಇತ್ಲಾಗೆ ಕೊಡ್ರಿ ಅತ್ತೆ."

ಹನುಮಂತಮ್ಮ ಕೊಟ್ಟರು.