ಪ್ರಾಕ್ಟರ್ ಸಾಹೇಬರು ಮಾಡಿಸಿದ ರಾಜಿ

2006ರ ಮಾರ್ಚ್ 6, ಸೋಮವಾರ, ಬೆಳಿಗ್ಗೆ ಹತ್ತೂವರೆ. ದಕ್ಷಿಣ ದೆಹಲಿಯ ಅಂಚಿನಲ್ಲಿ, ಫರೀದಾಬಾದ್ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದ ಪೊಲೀಸ್ ಠಾಣೆಗೆ ದೂರು ಕೊಡಲು ಮೂವರು ಬಂದಿದ್ದರು. ಹೆಡ್ ಕಾನ್‌ಸ್ಟೇಬಲ್ ರಾಮ್‌ಕಿಶನ್ ಅವರನ್ನು ಆಗಲೇ ಬಾಗಿಲ ತನಕ ಸಾಗಹಾಕಿದ್ದ. ಯುನಿವರ್ಸಿಟಿ ಒಳಗಿನ ವಿಷಯ ಯುನಿವರ್ಸಿಟಿಯಲ್ಲೇ ಬಗೆಹರಿಯಬೇಕು, ಅಲ್ಲಿನ ಶಿಸ್ತು ನೋಡಿಕೊಳ್ಳುವ ಪ್ರಾಕ್ಟರ್ ಹತ್ತಿರ ಹೋಗಿ ಎಂಬುದು ಅವನ ಎಂದಿನ ಪಲ್ಲವಿ. ಅವನೊಬ್ಬನನ್ನೇ ದೂರುವುದೂ ತಪ್ಪು. ಆ ಠಾಣೆಯಲ್ಲಿ ವರ್ಷಗಳಿಂದ ನಡೆದುಬಂದದ್ದೇ ಹಾಗೆ.

"ಪ್ರಾಕ್ಟರ್ ಹತ್ರ ಹೋಗಿಯೇ ಹೀಗಾದದ್ದಲ್ವಾ?" ಎಂದು ಬಂದವರಲ್ಲಿ ಒಬ್ಬ ಹೆಂಗಸು ಗಂಡನಿಗೆ ಕನ್ನಡದಲ್ಲಿ ಹೇಳಿದ್ದು ಒಳಗೆ ಕೂತಿದ್ದ ಇನ್ಸ್‌ಪೆಕ್ಟರ್ ಏಕನಾಥರ ಕಿವಿಗೆ ಬಿತ್ತು. ಏಕನಾಥರ ತಂದೆ ತುಮಕೂರಿನಿಂದ ಬಂದು ಕೇಂದ್ರ ಸರ್ಕಾರದಲ್ಲಿ ಗುಮಾಸ್ತರಾಗಿದ್ದವರು. ಮಗ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಬೆಳೆದು ದೆಹಲಿ ಪೊಲೀಸ್ ಸೇರಿದವರು. ಅವರು ಎದ್ದು ಹೊರಗೆ ಬಂದರು.

"ಬನ್ನಿ, ಒಳಗೆ ಕೂತ್ಕೊಳ್ಳಿ. ಇಲ್ಲಿಂದ ಯಾರೂ ನಿಮ್ಮನ್ನ ಕಳಿಸೋದಿಲ್ಲ."

ಬಂದವರು ಅಣ್ಣು ಮತ್ತು ಚಂಪಾ. ಘಾಜಿಯಾಬಾದ್‌ನಲ್ಲಿ ಸಣ್ಣದೊಂದು ಉಡುಪಿ ಹೋಟೆಲು ಅವರದು. ಜೊತೆಗಿದ್ದವಳು ಅವರ ಇಪ್ಪತ್ತೊಂದು ವರ್ಷದ ಮಗಳು, ಕೀರ್ತಿಮಾನ್ ವಿಶ್ವವಿದ್ಯಾಲಯದಲ್ಲಿ ಕೊನೆಯ ವರ್ಷದ ಬಿ.ಎಸ್ಸಿ. ಓದುತ್ತ ಹಾಸ್ಟೆಲಿನಲ್ಲಿ ಇದ್ದವಳು. ಅವಳ ನಿಜವಾದ ಹೆಸರು ಬರೆಯಬಾರದೆಂದು ಕಾನೂನೇ ಹೇಳುತ್ತದೆ. ಇಲ್ಲಿ ನಿರೀಕ್ಷಾ ಎನ್ನೋಣ.

ಹೇಳಿಕೆ ಬರೆದುಕೊಂಡವಳು ಸಬ್ ಇನ್ಸ್‌ಪೆಕ್ಟರ್ ಸುಮನ್ ದಹಿಯಾ. ಸೋನಿಪತ್ ಕಡೆಯವಳು, ಮಾತು ಒರಟು. ಆದರೆ ಕೇಳಿಸಿಕೊಳ್ಳುವಾಗ ಅವಳಿಗೆ ಅವಸರವೆಂಬುದೇ ಇರಲಿಲ್ಲ. ಫೆಬ್ರವರಿ 21ರ ಮಧ್ಯಾಹ್ನ, ವಾರ್ಷಿಕೋತ್ಸವದ ತಯಾರಿ ನಡೆಯುತ್ತಿದ್ದಾಗ, ಸಭಾಂಗಣದ ಹಿಂದಿನ ವೇಷಭೂಷಣದ ಕೋಣೆಯಲ್ಲಿ, ಸಹಪಾಠಿ ಸಾತ್ವಿಕ್ ಬಾಗಿಲಿನ ಚಿಲಕ ಹಾಕಿದ. ಆಮೇಲೆ ನಡೆದದ್ದನ್ನು ಹುಡುಗಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಅದು ಎಫ್‌ಐಆರ್‌ನಲ್ಲಿದೆ, ಇಲ್ಲಿ ಬೇಡ.

"ತಪ್ಪಿಸಿಕೊಂಡದ್ದು ಹೇಗೆ?" ಸುಮನ್ ಕೇಳಿದಳು.

"ಅವನ ಕೈ ಕಚ್ಚಿದೆ. ರೈಟ್ ಹ್ಯಾಂಡ್, ಮಣಿಕಟ್ಟಿನ ಹತ್ರ. ಬಹುತ್ ಜೋರ್ ಸೆ. ಬ್ಲಡ್ ಬಂತು. ಆಗ ಬಿಟ್ಟ."

"ಯಾರಿಗೆ ಹೇಳಿದೆ?"

"ಅವತ್ತೇ ವಾರ್ಡನ್‌ಗೆ. ಅವರು ಪ್ರಾಕ್ಟರ್ ಸರ್‌ಗೆ. ಪೊಲೀಸ್ ಅಂದ್ರೆ ನಿನ್ನ ಕರಿಯರ್ ಖತಮ್, ನಾವೇ ಫೈಸಲಾ ಮಾಡ್ತೀವಿ ಅಂದ್ರು."

"ಏನು ಫೈಸಲಾ?"

ಹುಡುಗಿ ತಾಯಿಯ ಕಡೆ ನೋಡಿದಳು. ಚಂಪಾ ತಲೆ ಎತ್ತದೆಯೇ ಹೇಳಿದಳು.

"ಆ ವಾರವೇ ಗುರುವಾರ ನಮ್ಮನ್ನ ಕರೆಸಿದ್ರು. ಹುಡುಗ ಏನೋ ಅಸಭ್ಯವಾಗಿ ಮಾತಾಡಿದ್ದಾನೆ ಅಂತ ಮಾತ್ರ ಹೇಳಿದ್ದು. ಅವನು ಸಾರಿ ಹೇಳ್ತಾನೆ, ಇವಳು ರಾಖಿ ಕಟ್ಲಿ, ಅಣ್ಣ ತಂಗಿ ಆದ್ಮೇಲೆ ಮುಗೀತಲ್ಲ ಅಂದ್ರು. ನಮ್ಮೂರಲ್ಲಿ ಈ ರಾಖಿ ಎಲ್ಲಿದೆ ಸರ್? ಒಂದು ದಾರ ತಾನೇ ಅಂದ್ಕೊಂಡೆ. ಇವಳು ಒಲ್ಲೆ ಒಲ್ಲೆ ಅಂದ್ಲು. ನಾನೇ ಕೈ ಹಿಡಿದು ಕಟ್ಟಿಸಿದೆ."

ಅಣ್ಣು ಹೆಂಡತಿಯ ಭುಜ ಮುಟ್ಟಿದ. ಅವಳು ಕೈ ಸರಿಸಿದಳು.

ಅಲ್ಲಿಗೂ ಮುಗಿಯಲಿಲ್ಲ. ಮುಂದಿನ ಸೋಮವಾರ ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಸಾತ್ವಿಕ್ "ದೀದಿ" ಎಂದು ಕೂಗಿದ. ಗೆಳೆಯರು ನಕ್ಕರು. ನಿರೀಕ್ಷಾ ಮನೆಗೆ ಬಂದು ಎಲ್ಲವನ್ನೂ ಹೇಳಿದ್ದು ಆಗ. ಪೊಲೀಸರಿಗೆ ಹೋಗುತ್ತೇವೆಂದು ಅಣ್ಣು ಪ್ರಾಕ್ಟರ್‌ಗೆ ಫೋನಿನಲ್ಲಿ ಹೇಳಿದ ಮರುದಿನವೇ ನೋಟಿಸು ಬಂತು. ಸಂಸ್ಥೆಗೆ ಕೆಟ್ಟ ಹೆಸರು ತಂದರೆ ಮಾರ್ಚ್ 27ರ ಅಂತಿಮ ಪರೀಕ್ಷೆಗೆ ಕೂರಿಸುವುದಿಲ್ಲ.

"ನಿನಗೇನು ಬೇಕಮ್ಮ?" ಏಕನಾಥರು ಕೇಳಿದರು.

"ನಂಗೆ ಎಕ್ಸಾಮ್ ಬರೀಬೇಕು ಸರ್. ಅವನು ಆ ಕ್ಲಾಸ್‌ನಲ್ಲಿ ಇರಬಾರದು. ಬಸ್, ಅಷ್ಟೇ."

ಮಧ್ಯಾಹ್ನ ಭಾರತೀಯ ದಂಡ ಸಂಹಿತೆಯ 376, 342 ಮತ್ತು 506ನೇ ಕಲಮುಗಳಡಿ, ಅಂದರೆ ಅತ್ಯಾಚಾರ, ಅಕ್ರಮವಾಗಿ ಕೂಡಿಹಾಕಿದ್ದು ಮತ್ತು ಬೆದರಿಕೆಗಾಗಿ, ಎಫ್‌ಐಆರ್ ದಾಖಲಾಯಿತು. ಸುಮನ್ ಹುಡುಗಿಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು. ವೈದ್ಯೆ ಪರೀಕ್ಷಿಸಿ ಕೈಚೆಲ್ಲಿದರು. ಮೈಮೇಲಿನ ಗುರುತುಗಳು ಮಾಯ್ದು ಹೋಗಿದ್ದವು, ಬಟ್ಟೆಗಳನ್ನು ಅಂದೇ ಒಗೆದಾಗಿತ್ತು. ಸಾಕ್ಷ್ಯವೆಲ್ಲ ಇದ್ದ ದಿನಗಳನ್ನು ಪ್ರಾಕ್ಟರ್ ಕಚೇರಿ ನುಂಗಿ ನೀರು ಕುಡಿದಿತ್ತು.

ಸಂಜೆ ಎಸಿಪಿ ಕರೆದರು. "ಹುಡುಗನ ತಂದೆ ಅನಂತಮೂರ್ತಿ, ಕೇಂದ್ರ ಸರ್ಕಾರದಲ್ಲಿ ಜಾಯಿಂಟ್ ಸೆಕ್ರೆಟರಿ. ಬರೀ ಹೇಳಿಕೆ ಹಿಡ್ಕೊಂಡು ಮುಟ್ಟಿದರೆ ಮರುದಿನವೇ ಜಾಮೀನು, ಅದರ ಮರುದಿನ ನಿನ್ನ ವರ್ಗಾವಣೆ. ಕೈಯಲ್ಲಿ ಏನಾದರೂ ಗಟ್ಟಿ ಇಟ್ಟುಕೊ."

ಅನಂತಮೂರ್ತಿಯವರ ಫೋನೂ ಬಂತು. ಮಾತು ಬೆಣ್ಣೆಯಷ್ಟು ಮೃದು. "ಏಕನಾಥ್, ಕನ್ನಡ ಸಂಘದ ಯುಗಾದಿ ಊಟಕ್ಕೆ ನಿಮ್ಮ ತಂದೆ ನನ್ನ ಪಕ್ಕದಲ್ಲೇ ಕೂರ್ತಿದ್ರು. ದೂರದ ಊರಲ್ಲಿ ನಮ್ಮವರು ನಮ್ಮವರೇ ಹೀಗೆ ಕೋರ್ಟು ಹತ್ತೋದಾ?"

"ಆ ಹುಡುಗೀನೂ ನಮ್ಮವಳೇ ಸರ್," ಎಂದು ಏಕನಾಥರು ಫೋನ್ ಇಟ್ಟರು. ಭಯವಾಗಿತ್ತು, ಸುಳ್ಳು ಯಾಕೆ ಹೇಳಬೇಕು?

ಮಾರ್ಚ್ 7ರ ಬೆಳಿಗ್ಗೆ ನಿರೀಕ್ಷಾ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟಳು. ಆಮೇಲೆ ಏಕನಾಥರು ಮತ್ತು ಸುಮನ್ ಸ್ಥಳ ಪಂಚನಾಮೆಗೆ ವಿಶ್ವವಿದ್ಯಾಲಯಕ್ಕೆ ಹೋದರು. ವೇಷಭೂಷಣದ ಕೋಣೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಹಳೆಯ ಚಿಲಕ ತೆಗೆದು ಹೊಸದು ಹಾಕಿದ್ದರು. ಇಬ್ಬರು ಪಂಚರ ಸಮಕ್ಷಮ ಅದನ್ನೇ ಬರೆದುಕೊಂಡು ಪ್ರಾಕ್ಟರ್ ಕೋಣೆಗೆ ಬಂದರು.

ಪ್ರೊಫೆಸರ್ ತ್ಯಾಗಿ ಸೌಜನ್ಯದ ಮನುಷ್ಯ. ಕೂತ ಕೂಡಲೇ ಚಹಾ ತರಿಸಿದರು. ಮೇಜಿನ ಡ್ರಾಯರ್ ಎಳೆದು ತೋರಿಸಿದರು. ಅದರ ತುಂಬ ರಾಖಿಗಳು. ಹಬ್ಬ ಆಗಸ್ಟಿನಲ್ಲಿ ಬಂದರೂ ಆ ಡ್ರಾಯರಿನಲ್ಲಿ ವರ್ಷವಿಡೀ ಹಬ್ಬ.

"ಹುಡುಗ ಹುಡುಗಿಯರ ಎಷ್ಟೋ ಜಗಳ ಇದರಿಂದಲೇ ಬಿಡಿಸಿದ್ದೇನೆ ಇನ್ಸ್‌ಪೆಕ್ಟರ್ ಸಾಬ್. ಒಂದು ದಾರ ಕಟ್ಟಿದರೆ ಕಣ್ಣಿನ ದೃಷ್ಟಿಯೇ ಬದಲಾಗುತ್ತೆ. ಈ ಪ್ರಕರಣದಲ್ಲೂ ಪೂರಾ ಸಮಾಧಾನ್ ಆಗಿತ್ತು. ಬೇಕಾದರೆ ನೋಡಿ."

ಅವರು ಆಲ್ಬಮ್ ತೆರೆದರು. ಪ್ರತಿ ರಾಜಿಯಲ್ಲೂ ಸ್ಟುಡಿಯೋದವನನ್ನು ಕರೆಸಿ ಫೋಟೋ ತೆಗೆಸುವುದು ಅವರ ಪದ್ಧತಿ. ಕೊನೆಯ ಫೋಟೋದಲ್ಲಿ ನಿರೀಕ್ಷಾ ನೆಲ ನೋಡುತ್ತ ದಾರ ಹಿಡಿದಿದ್ದಳು. ಎದುರಿಗೆ ಸಾತ್ವಿಕ್ ನಗುತ್ತಿದ್ದ.

"ಇದರಲ್ಲೊಂದು ತಮಾಷೆ ಆಯಿತು," ತ್ಯಾಗಿ ನಕ್ಕರು. "ಹುಡುಗ ಎಡಗೈ ಚಾಚಿದ. ನಿಮ್ಮ ಸೌತ್‌ನವರಿಗೆ ಇದೆಲ್ಲ ಗೊತ್ತಿಲ್ಲವಲ್ಲ. ಬೇಟಾ, ರಾಖಿ ಕಟ್ಟುವುದು ಬಲಗೈಗೆ ಅಂತ ನಾನೇ ಅವನ ಅಂಗಿಯ ತೋಳು ಮಡಿಸಿ ಕೈ ಮುಂದೆ ಮಾಡಿಸಿದೆ."

ಏಕನಾಥರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ದಾರದ ಕೆಳಗೆ, ಮಣಿಕಟ್ಟಿನ ಮೇಲೆ, ಅರ್ಧಚಂದ್ರದ ಆಕಾರದಲ್ಲಿ ಕಂದು ಚುಕ್ಕೆಗಳ ಸಾಲು ಕಾಣುತ್ತಿತ್ತು. ಅವರು ಸುಮನ್ ಕೈಗೆ ಕೊಟ್ಟರು. ಅವಳು ನೋಡಿ ತುಟಿ ಕಚ್ಚಿಕೊಂಡಳು.

"ಈ ಫೋಟೋ ನಮಗೆ ಬೇಕು."

"ಜರೂರ್, ಜರೂರ್. ನನ್ನ ಹತ್ತಿರ ಇನ್ನೊಂದು ಪ್ರತಿ ಇದೆ."

ಜಪ್ತಿ ಮಾಡಿ ಸಹಿ ಹಾಕಿಸಿಕೊಂಡು ಹೊರಗೆ ಬಂದ ಮೇಲೆ ಸುಮನ್ ಬಾಯಿಬಿಟ್ಟಳು. "ಇದು ಪೋಸ್ಟ್‌ಕಾರ್ಡ್ ಅಳತೆ ಸರ್. ಹಲ್ಲಿನ ಗುರುತು ಅಂತ ಸಾಬೀತು ಮಾಡಲು ನೆಗೆಟಿವ್ ಬೇಕು."

ಫೋಟೋದ ಹಿಂದೆ ಫರೀದಾಬಾದಿನ ಸ್ಟುಡಿಯೋ ಒಂದರ ಮುದ್ರೆ ಇತ್ತು. ಪ್ರಾಕ್ಟರ್ ಯಾವ ಗಳಿಗೆಯಲ್ಲಾದರೂ ಆ ಇನ್ನೊಂದು ಪ್ರತಿಯನ್ನು ಕಣ್ಣುಬಿಟ್ಟು ನೋಡಬಹುದು. ಜೀಪು ಹೆದ್ದಾರಿಗೆ ಬಿತ್ತು. ಬದರ್‌ಪುರದಲ್ಲಿ ಲಾರಿಗಳ ಸಾಲು ಅಲುಗಾಡದೆ ನಿಂತಿತ್ತು. ಡ್ರೈವರ್ ಹಾರ್ನ್ ಒತ್ತಿದ, ಬೈದ, ಕೊನೆಗೆ ಮಣ್ಣಿನ ಅಂಚಿಗೆ ಇಳಿಸಿದ. ಫರೀದಾಬಾದ್ ಹರಿಯಾಣಕ್ಕೆ ಸೇರಿದ್ದರಿಂದ ಸುಮನ್ ದಾರಿಯಲ್ಲೇ ಅಲ್ಲಿನ ಠಾಣೆಗೆ ಫೋನ್ ಮಾಡಿ ತಾವು ಬರುತ್ತಿರುವುದನ್ನು ತಿಳಿಸಿದಳು. ಇಷ್ಟು ದಿನ ಕಳೆದುಹೋದ ಮೇಲೆ ಆ ಹುಡುಗಿಯ ಪರವಾಗಿ ಉಳಿದಿದ್ದುದು ಆ ಒಂದು ಪ್ಲಾಸ್ಟಿಕ್ ತುಂಡು ಮಾತ್ರ.

ಸ್ಟುಡಿಯೋದ ಮಾಲೀಕ ಕವರುಗಳ ರಾಶಿಯಲ್ಲಿ ನಿಧಾನವಾಗಿ ಹುಡುಕಿದ. ಒಂದು ಕವರು ತೆಗೆದು ಕೌಂಟರಿನ ಮೇಲಿಟ್ಟ. ಏಕನಾಥರು ಅದರ ಮೇಲೆ ಕೈಯಿಟ್ಟ ಹೊತ್ತಿಗೆ ಅಂಗಡಿಯ ಫೋನ್ ಬಡಿದುಕೊಂಡಿತು. ಮಾಲೀಕ ಕಿವಿಗಿಟ್ಟುಕೊಂಡು ಕೇಳಿದ, ಪೊಲೀಸರ ಮುಖ ನೋಡಿದ.

"ಜೀ ಪ್ರೊಫೆಸರ್ ಸಾಬ್, ಅದೇ ನೆಗೆಟಿವ್. ಆದರೆ ಅದು ಈಗ ಪೊಲೀಸರ ಕೈಯಲ್ಲಿದೆಯಲ್ಲ."

ಮಾರ್ಚ್ 9ರಂದು ಸಾತ್ವಿಕ್‌ನನ್ನು ವಿಚಾರಣೆಗೆ ಕರೆಸಲಾಯಿತು. ಇಸ್ತ್ರಿ ಮಾಡಿದ ಅಂಗಿ, ಜೊತೆಗೊಬ್ಬ ವಕೀಲ.

"ಫೆಬ್ರವರಿ 21ರ ಮಧ್ಯಾಹ್ನ ಎಲ್ಲಿದ್ದೆ?"

"ಓಲ್ಡ್ ರಾಜಿಂದರ್ ನಗರ. ಸಿವಿಲ್ ಸರ್ವಿಸಸ್ ಕೋಚಿಂಗ್."

"ಹುಡುಗಿಯನ್ನು ಮುಟ್ಟಿದ್ದೀಯಾ?"

"ನೆವರ್. ಯಾವತ್ತೋ ಏನೋ ಜೋಕ್ ಹೊಡೆದೆ. ಅದಕ್ಕೇ ಸಾರಿ ಹೇಳಿದ್ದು."

"ಬಲಗೈ ತೋರಿಸು."

ಗಾಯ ಒಣಗಿತ್ತು. ತಿಳಿ ಬಣ್ಣದ ಕಲೆ ಉಳಿದಿತ್ತು.

"ಏನಿದು?"

"ನಾಯಿ ಕಚ್ಚಿದ್ದು. ಕೋಚಿಂಗ್ ಹತ್ರ, ಸ್ಟ್ರೀಟ್ ಡಾಗ್. ಅದೇ ದಿನ."

"ಇಂಜೆಕ್ಷನ್ ಎಲ್ಲಿ ತಗೊಂಡೆ?"

ಹುಡುಗ ವಕೀಲನ ಕಡೆ ನೋಡಿದ.

"ಬೀದಿ ನಾಯಿ ರಕ್ತ ಬರುವ ಹಾಗೆ ಕಚ್ಚಿದೆ. ಒಂದೂ ಇಂಜೆಕ್ಷನ್ ಇಲ್ಲವೇ?"

"ಮನೇಲಿ ಹೇಳ್ಲಿಲ್ಲ."

ಬಾಗಿಲ ಬಳಿ ನಿಂತಿದ್ದ ರಾಮ್‌ಕಿಶನ್ ಕೆಮ್ಮಿದ. ಹುಡುಗಿಯನ್ನು ವಾಪಸ್ ಕಳಿಸಹೊರಟಿದ್ದು ಅವನ ಮನಸ್ಸನ್ನು ಕೊರೆಯುತ್ತಿತ್ತೋ ಏನೋ, ಹುಡುಗ ಕೋಚಿಂಗಿಗೆ ಹೋಗುತ್ತಾನೆಂದು ಸಹಪಾಠಿಗಳಿಂದ ತಿಳಿದ ಕೂಡಲೇ ಹಿಂದಿನ ದಿನ ಯಾರೂ ಹೇಳದೆಯೇ ಅಲ್ಲಿಗೆ ಹೋಗಿ ವಿಚಾರಿಸಿ ಬಂದಿದ್ದ. "ಸಾಬ್, ಇವನ ಬ್ಯಾಚಿಗೆ ಮಂಗಳವಾರ ರಜೆ. ಫೆಬ್ರವರಿ 21 ಮಂಗಳವಾರ."

ವಕೀಲ ಇನ್ನು ಮುಂದೆ ಉತ್ತರ ಬೇಡವೆಂದು ಹುಡುಗನ ಮೊಣಕಾಲು ಒತ್ತಿದ. ಕಲೆಯ ವೈದ್ಯಕೀಯ ತಪಾಸಣೆ ಮಾಡಿಸಿ, ದೆಹಲಿ ಬಿಡಬಾರದೆಂದು ತಾಕೀತು ಮಾಡಿ ಕಳಿಸಿದರು.

ನಿರೀಕ್ಷಾಳ ಒಪ್ಪಿಗೆ ಪಡೆದು ಅವಳ ಹಲ್ಲುಗಳ ಅಚ್ಚು ತೆಗೆಯಲಾಯಿತು. ನೆಗೆಟಿವ್‌ನಿಂದ ಹಿಗ್ಗಿಸಿದ ಚಿತ್ರದ ಜೊತೆ ಅದು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಯಿತು. ಒಂದು ವಾರ ಹಗಲೆಲ್ಲ ಮೇಲಿನವರ ಫೋನುಗಳು. ವರದಿ ಬಂದದ್ದು ಮಾರ್ಚ್ 16ರಂದು. ನಾಯಿಯ ಕಡಿತವಲ್ಲ, ಮನುಷ್ಯರದ್ದು. ಮೇಲಿನ ಸಾಲಿನಲ್ಲಿ ತುಸು ಓರೆಯಾಗಿರುವ ಹಲ್ಲಿನ ಗುರುತು ಅಚ್ಚಿಗೆ ಹೊಂದುತ್ತದೆ. ಎಸಿಪಿ ಎರಡು ಸಲ ಓದಿ "ಚಲೋ, ಕರೆದುಕೊಂಡು ಬಾ" ಎಂದರು.

ತ್ಯಾಗಿಯವರನ್ನೂ ಕರೆಸಿ ಕೇಳಲಾಯಿತು.

"ಅಂಗಿಯ ತೋಳು ಮಡಿಸಿದಾಗ ಗಾಯ ನೋಡಲಿಲ್ಲವೇ?"

"ನೋಡಿದೆ."

"ಹುಡುಗಿ ಕಚ್ಚಿದ್ದೇನೆಂದು ಹೇಳಿರಲಿಲ್ಲವೇ?"

"ಹೇಳಿದ್ದಳು. ಆದರೆ ರಾಜಿಗೆ ಎಲ್ಲರೂ ಕೂತಾಗಿತ್ತಲ್ಲ."

ಅವರ ಮೇಲೆ ಸಾಕ್ಷ್ಯ ಮುಚ್ಚಿಟ್ಟ 201ನೇ ಕಲಮು ಬಿತ್ತು.

ಮಾರ್ಚ್ 17, ಶುಕ್ರವಾರ, ಬೆಳಿಗ್ಗೆ ಎಂಟಕ್ಕೆ ಸಾತ್ವಿಕ್‌ನನ್ನು ಮನೆಯಲ್ಲೇ ಬಂಧಿಸಲಾಯಿತು. ತಾಯಿ ದೇವಕಿ ತಿಂಡಿಯ ತಟ್ಟೆ ಹಿಡಿದು ನಿಂತೇ ಇದ್ದರು. ಅನಂತಮೂರ್ತಿ ಗದ್ದರಿಸಿದರು. "ಕ್ಷಮೆ ಕೇಳಿದ್ದಾನೆ ಕಣ್ರಿ ಅವನು! ಎಲ್ಲರ ಎದುರಿಗೆ!" ಏಕನಾಥರು ಬಂಧನದ ಮೆಮೊ ಮುಂದಿಟ್ಟರು. ತಂದೆ ಸಹಿ ಹಾಕಿದರು. ಮಧ್ಯಾಹ್ನದೊಳಗೆ ವಿಶ್ವವಿದ್ಯಾಲಯ ನಿರೀಕ್ಷಾಳ ನೋಟಿಸನ್ನು ಹಿಂತೆಗೆದುಕೊಂಡು ಸಾತ್ವಿಕ್‌ನನ್ನು ಅಮಾನತು ಮಾಡಿತು. ಧೈರ್ಯ ಬರಲು ಅದಕ್ಕೆ ಪೊಲೀಸ್ ಜೀಪು ಬೇಕಾಯಿತು.

ಜೀಪಿನಲ್ಲಿ ಹುಡುಗ ತಾನಾಗಿಯೇ ಮಾತು ತೆಗೆದ. ಪೊಲೀಸರೆದುರು ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಏಕನಾಥರ ಮನಸ್ಸಿನಲ್ಲಿ ಮಾತ್ರ ನಿಂತಿತು. ಮೊದಲ ವರ್ಷ ಜೂನಿಯರ್ ಒಬ್ಬನ ಕಿವಿಯ ತಮಟೆ ಒಡೆದಿದ್ದ. ಸಾರಿ ಹೇಳಿದ, ಮುಗಿಯಿತು. ಎರಡನೇ ವರ್ಷ ಮತ್ತೊಬ್ಬ ಹುಡುಗಿಯ ಮೇಲೆ ಕೈ ಹಾಕಿದ್ದ. ಸಾರಿ ಹೇಳಿ ರಾಖಿ ಕಟ್ಟಿಸಿಕೊಂಡ, ಮುಗಿಯಿತು. ಪ್ರತಿ ಸಲ ಅಪ್ಪ ಬಂದು ಪ್ರಾಕ್ಟರ್ ಜೊತೆ ಚಹಾ ಕುಡಿದು ಹೋಗುತ್ತಿದ್ದರು. ಮಾಡಿದ ಕೆಲಸಕ್ಕೆ ಒಂದು ಬೆಲೆಯಿದೆಯೆಂದು ಆ ಹುಡುಗನಿಗೆ ಮೂರು ವರ್ಷದಲ್ಲಿ ಯಾರೂ ಕಲಿಸಿರಲಿಲ್ಲ.

"ಈ ಸಲಾನೂ ಸಾರಿ ಹೇಳಿದೀನಲ್ಲ ಅಂಕಲ್," ಎಂದ ಸಾತ್ವಿಕ್. ನಟನೆಯಾಗಿರಲಿಲ್ಲ, ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಇನ್ನೇನು ಬೇಕಂತೆ ಅವಳಿಗೆ?"

"ಪರೀಕ್ಷೆ ಬರೀಬೇಕಂತೆ."

ಹುಡುಗ ಏಕನಾಥರ ಕಡೆ ತಿರುಗಿದ.

"ಎಕ್ಸಾಮ್ ನಂಗೂ ಇದೆಯಲ್ಲ ಅಂಕಲ್."